ನಾನು ಓದಿದ ಪುಸ್ತಕಗಳ ಗ್ರಹಚಾರ

ನನ್ನ ಕೈಗೆ ಸಿಕ್ಕ ಪುಸ್ತಕ ಸುಮ್ಮನೆ ಓದಿಸಿಕೊಂಡು ಹೋಗುವುದಿಲ್ಲ. ಏನಾದರೊಂದು ರಾದ್ಧಾಂತ ಮಾಡಿಯೇ ಹೋಗುತ್ತದೆ. ತಪ್ಪು ನನ್ನದಲ್ಲ, ಬರೆದವರದು. ನಮ್ಮೂರು ಗೋವಿನಕೋವಿಯ ಹೊಳೆದಂಡೆಯಲ್ಲಿ ದನ ಕಾಯುತ್ತ, ಎಮ್ಮೆಯ ಬೆನ್ನ ಮೇಲೆ ಕೂತು ಓದು ಕಲಿತವನು ನಾನು. ಊರಲ್ಲಿ ನನ್ನಷ್ಟು ಓದಿದವರು ಇನ್ನೊಬ್ಬರಿಲ್ಲ; ಇದನ್ನು ನಾನೇ ಎಲ್ಲರಿಗೂ ಹೇಳಿದ್ದೇನೆ. ಯುದ್ಧದ ದೆಸೆಯಿಂದ ಪುಸ್ತಕ ಅಚ್ಚು ಹಾಕಲು ಕಾಗದ ಸಿಗುತ್ತಿಲ್ಲವಂತೆ. ಹೊನ್ನಾಳಿಯ ವಾಚನಾಲಯದಿಂದ ತಂದ ಮೂರು ಕಾದಂಬರಿ ಓದಿದ ಮೇಲೆ, ಆ ಕಾಗದ ಇನ್ನೂ ಸ್ವಲ್ಪ ಮೊದಲೇ ಮುಗಿಯಬೇಕಿತ್ತು ಅನ್ನಿಸಿತು.

ಕಾದಂಬರಿ ತಂದದ್ದಕ್ಕೆ ಕಾರಣವಿತ್ತು. ಶ್ರಾವಣದಲ್ಲಿ ಬಸವಣ್ಣನ ಗುಡಿಯಲ್ಲಿ ಪುರಾಣ ಓದುವ ಅಯ್ಯನವರಿಗೆ ಗಂಟಲು ಕಟ್ಟಿತ್ತು. ಅವರ ಮಣೆಯ ಮೇಲೆ ಯಾರು ಕೂರಬೇಕು ಅನ್ನುವುದು ಗೌಡರ ಕೈಲಿತ್ತು. ಆ ಮಣೆ ನನಗೆ ಬೇಕೇ ಬೇಕಿತ್ತು. "ಹಳೇದು ಸಾಕು ಗೌಡ್ರೇ, ಹೊಸದು ಓದ್ತೀನಿ," ಅಂದೆ. "ಓದಪ್ಪ, ಜನ ಕೊನೀತನ್ಕ ಎದ್ದು ಹೋಗ್ದಿದ್ರೆ ಮಣೆ ನಿಂದೇ," ಅಂದರು.

ಪತ್ತೇದಾರ

ಮೊದಲನೆಯದು ಪತ್ತೇದಾರಿ ಕಾದಂಬರಿ. ತೋಟದ ಮಣ್ಣಲ್ಲಿ ಕಳ್ಳನ ಹೆಜ್ಜೆ ಎದ್ದು ಕಾಣುತ್ತಿದೆ. ನಮ್ಮೂರ ತಳವಾರನಾಗಿದ್ದರೆ ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಕಳ್ಳನ ಮನೆ ಬಾಗಿಲು ತಟ್ಟುತ್ತಿದ್ದ. ಈ ಮಹಾಶಯ ಕೋಟು ಹಾಕಿಕೊಂಡು, ಸಿಗರೇಟು ಸೇದುತ್ತ, ಅರ್ಧ ಪುಸ್ತಕದವರೆಗೆ ಯೋಚಿಸುತ್ತಾನೆ! ನನಗಂತೂ ಕಳ್ಳ ಯಾರೆಂದು ಮೊದಲೇ ಗೊತ್ತಾಯಿತು. ನಾನು ಬರೆದಿದ್ದರೆ ನಾಲ್ಕು ಹಾಳೆಯಲ್ಲಿ ಮುಗಿಸುತ್ತಿದ್ದೆ. ನನ್ನಂತೆ ಇನ್ನೊಬ್ಬರು ಹಾಳಾಗಬಾರದೆಂದು ಮೊದಲ ಪುಟದಲ್ಲೇ "ಕಳ್ಳ ಅಡಿಗೆಯವನು" ಎಂದು ದಪ್ಪಗೆ ಬರೆದು ಹಿಂದಿರುಗಿಸಿದೆ.

ವಾಚನಾಲಯದವರು ಕೆಂಡವಾದರು. "ಏನ್ರೀ ಇದು? ಇನ್ಮೇಲೆ ಇದನ್ನ ಯಾರು ಓದ್ತಾರೆ?"

"ಅದಕ್ಕೇ ಬರೆದದ್ದು ಸ್ವಾಮಿ," ಅಂದೆ.

ಹಳ್ಳಿಯ ಹೆಣ್ಣು

ಎರಡನೆಯದು ಹಳ್ಳಿಯ ಕಥೆ. ಬರೆದವನು ಹಳ್ಳಿಯನ್ನು ನೋಡಿದ್ದರೆ ರೈಲಿನ ಕಿಟಕಿಯಿಂದಲೇ ನೋಡಿರಬೇಕು. ನಾಯಕಿ ಬೆಳಗಾಗೆದ್ದು ಹೂ ಬಿಡಿಸುತ್ತಾಳೆ, ಮಧ್ಯಾಹ್ನ ಹೊಳೆದಂಡೆಯಲ್ಲಿ ಕೂತು ನಿಟ್ಟುಸಿರು ಬಿಡುತ್ತಾಳೆ, ಸಂಜೆ ಕರುವಿನ ಕೊರಳು ತಬ್ಬಿಕೊಂಡು ಹಾಡುತ್ತಾಳೆ. ಜೋಳದ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಓದಿ ಹೇಳಿದೆ. ಅವ್ವ ಬಹಳ ಹೊತ್ತು ಕೇಳಿ, "ಸಗಣಿ ಯಾವಾಗ ಬಾಚ್ತಾಳೆ?" ಅಂದಳು.

ಹಾಳೆ ತಿರುವಿ ತಿರುವಿ ಹುಡುಕಿದೆ. ಎಲ್ಲೂ ಬಾಚಿರಲಿಲ್ಲ.

"ನೋಡಪ್ಪ, ಪುಸ್ತಕ ಓದಿ ಓದಿ ಇಂಥೋಳ್ನೇನಾದ್ರೂ ಮನೆಗೆ ಕರ್ಕಂಡು ಬಂದೀಯ!" ಅಂದಳು.

ಗುಡಿಯಲ್ಲಿ

ಉಳಿದದ್ದು ಪ್ರೇಮದ ಕಾದಂಬರಿ. ಕಣ್ಣೀರು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಬೇರೆ ಗತಿಯಿಲ್ಲದೆ ಅದನ್ನೇ ಹಿಡಿದು ಮಣೆಯ ಮೇಲೆ ಕೂತೆ. ದಿನಾ ದೀಪ ಹಚ್ಚುವ ಹೊತ್ತಿಗೆ ಗುಡಿ ತುಂಬುತ್ತಿತ್ತು. ಕಥೆಯಲ್ಲಿ ಮದುವೆ ಬಂದ ದಿನ, ಪುರಾಣದ ಪದ್ಧತಿಯಂತೆ ನನ್ನ ಓದು ನಿಲ್ಲಿಸಿ, ಪುಸ್ತಕಕ್ಕೆ ಆರತಿ ಎತ್ತಿ ಪಾನಕ ಹಂಚಿದರು. ಮಣೆ ನನ್ನದಾಯಿತು ಅಂದುಕೊಂಡೆ.

ಕಡೆಯ ದಿನ ನಾಯಕಿ ಕೆಮ್ಮಿ ಕೆಮ್ಮಿ ಸತ್ತಳು. ಕಥೆ ಮುಗಿಯಿತು. ಪುಸ್ತಕ ಮುಚ್ಚಿದೆ.

"ಏ ತಮ್ಮ, ಏನ್ ಮಾಡ್ತಿದೀಯ?" ಗೌಡರು ಗುಡುಗಿದರು. "ಶ್ರಾವಣದಾಗೆ ಸಾವಿನ ಮ್ಯಾಲೆ ಪುಸ್ತಕ ಮುಚ್ಚಾಕೆ ಬರಲ್ಲ. ಊರಿಗೆ ಒಳ್ಳೇದಲ್ಲ. ಶುಭ ಬರೋತನ್ಕ ಓದು!"

ಹೆಂಗಸರೂ ಕದಲಲಿಲ್ಲ. ಪುಸ್ತಕ ತೆರೆದು ನೋಡಿದೆ. ಉಳಿದದ್ದು ಹಿಂದಿನ ರಟ್ಟೊಂದೇ. ಅದರ ಮೇಲೆ ಕೂದಲಿನ ಎಣ್ಣೆಯ ಜಾಹೀರಾತು. ನನ್ನಂಥವನು ಹೆದರುತ್ತಾನೆಯೇ? ಅದರ ಮೇಲೆ ಕಣ್ಣಿಟ್ಟು ರಾಗವಾಗಿ ಶುರು ಮಾಡಿದೆ: ಹಿಮಾಲಯದಿಂದ ಒಬ್ಬ ಸನ್ಯಾಸಿ ಬಂದ, ಗಿಡಮೂಲಿಕೆಯ ಎಣ್ಣೆ ತಂದ, ಸತ್ತವಳ ನೆತ್ತಿಗೆ ತಿಕ್ಕಿದ, ಅವಳು ಎದ್ದು ಕೂತಳು, ಕೂದಲು ಮೊಣಕಾಲಿನವರೆಗೆ ಬೆಳೆಯಿತು, ಅವಳಿಜವಳಿ ಗಂಡುಮಕ್ಕಳಾದವು, ಮಂಗಳ!

ಆರತಿಯೇನೋ ಆಯಿತು. ಆದರೆ ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಮೂಗು ಮುರಿದಳು. "ಅಲ್ಲಪ್ಪ, ಸತ್ತೋಳ ತಲೆಗೆ ಎಣ್ಣೆ ತಿಕ್ಕಿದ್ರೆ ಎದ್ದು ಕೂರ್ತಾಳಾ? ಬರದೋನಿಗೆ ಬುದ್ಧಿ ಐತಾ?"

"ಹೌದೇಳವ್ವ," ಅಂದರು ಗೌಡರು. "ಅಲ್ಲೀತನ್ಕ ಎಷ್ಟು ಚೆಂದ ಬರದಿದ್ದ! ಕೊನೇದೊಂದು ಹಾಳೆ ಯಾವನೋ ದನ ಕಾಯೋನ ಕೈಲಿ ಬರೆಸ್ಯಾನೆ." ಆಮೇಲೆ ನನ್ನ ಕಡೆ ತಿರುಗಿದರು. "ನಿಂದೇನೂ ತಪ್ಪಿಲ್ಲ ಬಿಡು. ಒಬ್ರೂ ಎದ್ದು ಹೋಗ್ಲಿಲ್ಲ, ಮಣೆ ನಿಂದೇ. ಆದ್ರೂ ನೀನೇ ಹೇಳು, ಓದಿದೋನು. ನೀನಾಗಿದ್ರೆ ಹಿಂಗೆ ಬರೀತಿದ್ದೇನು?"

"ಛೇ ಛೇ, ಎಲ್ಲಾದ್ರೂ ಉಂಟಾ ಗೌಡ್ರೇ!" ಅಂದೆ. "ಆ ದಡ್ಡನಿಗೆ ಬರೆಯಾಕೇ ಬರಲ್ಲ."