ದಿನಾ ಐದು ಗಂಟೆಯ ಕಳ್ಳ

ಉದಯಶಂಕರ್ ಬೆಳಿಗ್ಗೆ ಎದ್ದವರೇ ಸರ್ವರ್‌ನ ಲಾಗ್, ಅಂದರೆ ಯಾರು ಯಾವಾಗ ಬಂದು ಹೋದರೆಂಬ ಪಟ್ಟಿ, ನೋಡಿದ್ದೇ ತಪ್ಪಾಯಿತು.

ಸರ್ವರ್ ಇದ್ದದ್ದು ಬ್ರಿಸ್ಬೇನ್‌ನಲ್ಲಿ, ಸೇಂಟ್ ಲೂಸಿಯಾದ ಗೆಳೆಯ ಸತೀಶನ ಮನೆಯಲ್ಲಿ. ಅದರೊಳಗಿದ್ದ ಆಸ್ತಿ ಒಂದೇ: ಹೆಂಡತಿ ಶಾರದಾಳ ದನಿ. ಮಗಳು ಅದಿತಿಯನ್ನು ಎಬ್ಬಿಸಲು ಹಾಡುತ್ತಿದ್ದ ಉದಯರಾಗ, ನಡುನಡುವೆ "ಏಳೇ ಕತ್ತೆ" ಎಂಬ ತಾಳ. ಬೇರೆ ಕಾಪಿ ಇರಲಿಲ್ಲ. ಶಾರದಾ ಹೋಗಿ ಇವತ್ತಿಗೆ ವರ್ಷ. ಸಂಜೆ ಬರುವವರಿಗೆ ಅದನ್ನು ಕೇಳಿಸಬೇಕಿತ್ತು.

ಲಾಗ್ ಪ್ರಕಾರ ದಿನಾ ಬೆಳಗಿನ ಐದಕ್ಕೆ ಯಾರೋ ಗೊತ್ತಿಲ್ಲದ ಇಂಟರ್ನೆಟ್ ಅಡ್ರೆಸ್‌ನಿಂದ ಬಂದು ಶಾರದಾಳನ್ನು ಕೇಳಿ ಹೋಗುತ್ತಿದ್ದರು!

ದೇಶದ ಪಶ್ಚಿಮ ತುದಿಯ ಕ್ಯಾನಿಂಗ್ಟನ್‌ನಲ್ಲಿ ಉದಯಶಂಕರ್ ಪಕ್ಕದ ಮನೆಯ ಕಿರಣ, ಮೈನಿಂಗ್ ಕಂಪನಿಯ ಐಟಿಯವನು, ಸ್ಲೋ ಮೋಷನ್‌ನಲ್ಲಿ ಎಂಟ್ರಿ ಕೊಟ್ಟ.

"ಅಂಕಲ್, ಈ ಏರಿಯಾದಲ್ಲಿ ನಾನಿರೋವರ್ಗೂ ಒಬ್ಬ ಕಳ್ಳನೂ ಹೊಸ್ತಿಲು ದಾಟಲ್ಲ! ಫೈರ್‌ವಾಲ್ ಹಾಕ್ತೀನಿ. ಈ ಮನೆ ಅಡ್ರೆಸ್ ಬಿಟ್ಟು ಇನ್ಯಾರಿಗೂ ಬಾಗ್ಲು ತೆಗಿಯಲ್ಲ."

ಮದುವೆಯ ಊಟದ ಹಾಲ್ ಬಾಗಿಲಲ್ಲಿ ನಿಂತ ಸೋದರಮಾವನ ಹಾಗೆ ಫೈರ್‌ವಾಲ್ ಕಾಲಗಲಿಸಿ ನಿಂತಿತು.

ಮಧ್ಯಾಹ್ನ ಎದುರುಮನೆ ರುಕ್ಮಿಣಿ ಆಂಟಿ ವಡೆಗೆ ರುಬ್ಬಲು ಬಂದರು. ವಡೆ ಆಯಿತು. ಪ್ಲೇ ಒತ್ತಿದರೆ ಶಾರದಾ ಮಾತ್ರ ಹಾಡಲಿಲ್ಲ.

"ಆಂಟಿ, ಯಾವ್ದಾದ್ರೂ ಪ್ಲಗ್ ತೆಗೆದ್ರಾ?" ಕಿರಣ ಕೇಳಿದ.

"ಮಿಣಮಿಣ ಅನ್ನೋದೊಂದು ತೆಗ್ದು ಮಿಕ್ಸಿ ಹಾಕ್ದೆ ಕಣೋ. ಮತ್ತೆ ಸಿಗಿಸಿದೀನಲ್ಲ!"

ಕಿರಣನ ಮುಖ ಹಳಸಿದ ಹಿಟ್ಟಿನಂತಾಯಿತು. "ಅಂಕಲ್, ಮೋಡೆಮ್ ಆಫ್ ಆಗಿ ಆನ್ ಆದ್ರೆ ಮನೆಗೆ ಹೊಸ ಅಡ್ರೆಸ್ ಬಂದ್ಬಿಡುತ್ತೆ. ಈಗ ನಾವೂ ಹೊರಗೇ. ಸರ್ವರ್ ಮುಂದೆ ಕೂತೇ ಯಾರಾದ್ರೂ ಸರಿ ಮಾಡ್ಬೇಕು."

ಸತೀಶನಿಗೆ ಫೋನ್ ಮಾಡಿದರೆ ಅವನು ಮೈಸೂರಲ್ಲಿದ್ದ. "ಮನೆ ಬೀಗ ಹಾಕ್ಕೊಂಡು ಬಂದಿದೀನಪ್ಪ. ಇನ್ನು ಮೂರು ವಾರ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅದಿತಿ! ಜಗಳವಾಡಿ ಅಡಿಲೇಡ್ ಸೇರಿದ ಮಗಳು ಎಂಟು ತಿಂಗಳಿಂದ ಒಂದು ಮಾತೂ ಆಡಿರಲಿಲ್ಲ.

"ಅಪ್ಪಾ... ಅಮ್ಮ ಓಪನ್ ಆಗ್ತಿಲ್ಲ."

"ದಿನಾ ಐದಕ್ಕೆ... ನೀನಾ?"

"ನಿಮ್ಗೆ ಐದಾದ್ರೆ ಇಲ್ಲಿ ಆರೂವರೆ. ಅಮ್ಮ ಬೈದ್ರೇನೇ ನಾನು ಏಳೋದು. ಇವತ್ತು ಅಮ್ಮನ ದಿನ ಅಂತ ಇನ್ನೊಂದ್ಸಲ ಹಾಕ್ದೆ. ಪ್ಲೀಸ್, ಬಾಗ್ಲು ತೆಗಿ ಅಪ್ಪಾ."

ಎಂಟು ತಿಂಗಳಲ್ಲಿ ಮಗಳು ಕೇಳಿದ್ದು ಇದೊಂದೇ. ಅಪ್ಪನ ಕೈಲಾಗದ್ದೂ ಇದೊಂದೇ. ಉದಯಶಂಕರ್ ಗಂಟಲು ಸರಿಮಾಡಿಕೊಂಡು ತಾವೇ ಉದಯರಾಗ ಎತ್ತಿದರು. ಎರಡನೇ ಸಾಲಿಗೆ ದನಿ ಪಂಕ್ಚರ್.

ಆ ಕಡೆ ನಗುವೋ ಅಳುವೋ ಗೊತ್ತಾಗದ ಸದ್ದು. "ಸಾಕು ಅಪ್ಪಾ, ಹಾಡ್ಬೇಡ." ಲೈನ್ ಕಟ್ಟಾಯಿತು.

"ಏಳೇ ಕತ್ತೆ" ಅನ್ನುವುದನ್ನೇ ಮರೆತಿದ್ದೆನಲ್ಲ ಎಂದು ಅವಸರದಿಂದ ತಿರುಗಿ ಫೋನ್ ಮಾಡಿದರು. ಹೋಗಲಿಲ್ಲ. ಮತ್ತೆ ಮಾಡಿದರು.

ಕಿರಣ ಫೋನ್ ಇಸಕೊಂಡು ನೋಡಿ, ಮೆಲ್ಲಗೆ ವಾಪಸ್ ಕೊಟ್ಟ.

"ಅಂಕಲ್... ಅವಳು ನಿಮ್ಮ ನಂಬರ್ ಬ್ಲಾಕ್ ಮಾಡಿದಾಳೆ. ಅವಳು ಮಾಡಿದ್ರೆ ಬರುತ್ತೆ. ನೀವು ಮಾಡಿದ್ರೆ ಹೋಗಲ್ಲ."