ಬಡಾವಣೆಗೆ ಬಂದ ಎಮ್ಮೆ ಸಿನಿಮಾ

ನಾನು ಏನಾದರೂ ಗಂಭೀರ ಕಾರ್ಯಕ್ರಮ ಮಾಡಲು ಹೊರಟರೆ ಅದು ನಗೆಪಾಟಲಾಗಿಯೇ ಮುಗಿಯುತ್ತದೆ. ವಿದ್ಯಾರಣ್ಯಪುರದ ನಮ್ಮ ಬಡಾವಣೆ ಸಂಘದಲ್ಲಿ ತಿಂಗಳು ತಿಂಗಳು ತಂಬೋಲ ಆಡಿ ಆಡಿ ಬೇಸರವಾಗಿತ್ತು. ಒಂದು ಸಲವಾದರೂ ಕಲೆ ಇರಲಿ ಎಂದು ಹಠ ಹಿಡಿದು, ಚಿತ್ರ ಬರೆಯುವ, ಜೊತೆಗೆ ಸಿನಿಮಾನೂ ತೆಗೆಯುವ ಕಲಾವಿದರೊಬ್ಬರನ್ನು ಭಾಷಣಕ್ಕೆ ಕರೆಸಿದೆ. "ಏನಾದ್ರೂ ಎಡವಟ್ಟಾದ್ರೆ ನೀವೇ ಹೊಣೆ ಕಣ್ರೀ" ಎಂದರು ಸಂಘದ ಅಧ್ಯಕ್ಷರು.

ರೇಷ್ಮೆ ಸೀರೆ

ಸಿನಿಮಾ ಕಲಾವಿದರು ಬರ್ತಾರೆ ಅಂದದ್ದೇ ತಡ, ನಮ್ಮತ್ತೆ ರೇಷ್ಮೆ ಸೀರೆ ಉಟ್ಟು ಸಂಘದ ಹಾಲ್‌ನ ಮೊದಲ ಸಾಲಿನಲ್ಲಿ ಕೂತರು. ಕೆದರಿದ ಗಡ್ಡದ, ಜುಬ್ಬಾ ತುಂಬ ಬಣ್ಣ ಮೆತ್ತಿಕೊಂಡ ವ್ಯಕ್ತಿಯೊಬ್ಬರು ಒಳಗೆ ಬಂದರು.

"ಪೇಂಟ್ ಹೊಡಿಯೋರು ಇವತ್ತೇ ಬರ್ಬೇಕಿತ್ತಾ? ಹೀರೋ ಬರೋ ಹೊತ್ತು!"

"ಅತ್ತೆ, ಅವರೇ ಕಲಾವಿದರು."

ಅತ್ತೆ ಕನ್ನಡಕ ಏರಿಸಿ ನೋಡಿ ಮರುಗಿದರು. "ಪಾಪ, ಶೂಟಿಂಗಿಂದ ನೇರ ಬಂದವ್ರೆ. ಮೇಕಪ್ಪೂ ತೆಗ್ದಿಲ್ಲ."

ಎಮ್ಮೆ

ಭಾಷಣಕ್ಕೆ ಮೊದಲು ಅವರ ಸಿನಿಮಾ. ಹೆಸರಘಟ್ಟದ ಹುಲ್ಲುಗಾವಲಲ್ಲಿ ಒಂದು ಎಮ್ಮೆ ನಿಂತಿದೆ. ನಿಂತೇ ಇದೆ. ಮಾತಿಲ್ಲ, ಸಂಗೀತವಿಲ್ಲ.

ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್ ಬೆವತುಹೋದ. ಸ್ಟಕ್ ಆಗಿದೆ ಅಂದುಕೊಂಡು ವೈರ್ ಕಿತ್ತು ಮತ್ತೆ ಸಿಕ್ಕಿಸಿದ. ಸಿನಿಮಾ ಮೊದಲಿಂದ ಶುರುವಾಯಿತು.

ಕಲಾವಿದರು ತಲೆ ಮೇಲೆ ಕೈ ಹೊತ್ತರು. "ಅಯ್ಯೋ, ಇನ್ನೇನು ಕಿವಿ ಅಲ್ಲಾಡಿಸ್ತಿತ್ತಲ್ರೀ!"

ಹೀರೋ

ಭಾಷಣ ಮುಗಿದು ಪ್ರಶ್ನೆಗಳ ಸಮಯ. ನಾನು ತಡೆಯುವಷ್ಟರಲ್ಲಿ ಮೈಕು ಅತ್ತೆಯ ಕೈಗೆ ಹೋಗಿತ್ತು.

"ಸಿನಿಮಾ ಚೆನ್ನಾಗಿತ್ತು ಸಾರ್. ಹೀರೋ ಯಾರು?"

ಕಲಾವಿದರು ಕಣ್ಣು ಅರೆಮುಚ್ಚಿ, "ಕಾಲ, ತಾಯಿ. ನನ್ನ ಎಲ್ಲ ಸಿನಿಮಾಗಳಲ್ಲೂ ಕಾಲನೇ ಹೀರೋ" ಎಂದರು.

"ಹೌದಾ? ಇವತ್ತು ಅವ್ರನ್ನೂ ಕರ್ಕೊಂಡ್ ಬರ್ಬೋದಿತ್ತು."

ಒಬ್ಬರೂ ಏಳಲಿಲ್ಲ

ಕೊನೆಯಲ್ಲಿ ಕಲಾವಿದರ ದನಿ ಗದ್ಗದವಾಯಿತು. "ಎಷ್ಟೋ ಊರಲ್ಲಿ ಈ ಸಿನಿಮಾ ತೋರಿಸಿದೀನಿ. ಅರ್ಧಕ್ಕೇ ಜನ ಜಾಗ ಖಾಲಿ ಮಾಡ್ತಾರೆ. ಇಲ್ಲಿ ಒಬ್ರೂ ಆಚೆ ಕಾಲಿಡಲಿಲ್ಲ. ಇಂಥ ಪ್ರೇಕ್ಷಕರನ್ನ ನಾನು ನೋಡೇ ಇಲ್ಲ!"

ಅವರು ಕಣ್ಣೊರೆಸಿಕೊಂಡರು. ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು.

ಅಷ್ಟರಲ್ಲಿ ಹಾಲ್‌ಗಿದ್ದ ಒಂದೇ ಬಾಗಿಲು ತೆರೆದುಕೊಂಡಿತು. ವಾಚ್‌ಮನ್ ತಲೆ ಒಳಗೆ ತೂರಿಸಿದ.

"ಮುಗೀತಾ ಸಾರ್? ಒಳಿಕ್ಕೆ ಬೆಳಕು ಬೀಳ್ಬಾರ್ದು ಅಂದಿದ್ರಲ್ಲ, ಆಚೆಯಿಂದ ಚಿಲಕ ಆಕಿದ್ದೆ. ಆಗ್ಲಿಂದ ಯಾರೋ ಒಳಗಿಂದ ಬಾಗ್ಲು ತಟ್ತಾನೇ ಇದ್ರು. ಚಪ್ಪಾಳೆ ಅಂದ್ಕೊಂಡು ನಾನೂ ಈ ಕಡೆಯಿಂದ ತಟ್ಟಿದೆ!"