ಬಟವಾಡಿ ಗೃಹ ವಿದ್ಯಾಪೀಠ

ಬಿ ಪ್ಲಸ್ ಅಂದರೆ ಏನರ್ಥ? ಆ ಶುಕ್ರವಾರ ಸಂಜೆಯಿಂದ ಲಕ್ಷ್ಮೀಕಾಂತ ಕಂಡಕಂಡವರನ್ನೆಲ್ಲ ಇದೇ ಪ್ರಶ್ನೆ ಕೇಳುತ್ತಿದ್ದ. ಹೆಂಡತಿ ಶಶಿರೇಖಾಳನ್ನು ಕೇಳಿದ. ಮಹಡಿ ಮೇಲಿನ ಓನರನ್ನು ಕೇಳಿದ. ಹಾಲು ತರಲು ಹೋದಾಗ ಬೂತಿನವನನ್ನೂ ಕೇಳಿದ. (ಅವನು ಪಾಪ, "ಯಾವ ಆಸ್ಪತ್ರೆ ಸಾರ್? ನಮ್ಮ ಹುಡುಗಂದೂ ಅದೇ ಬ್ಲಡ್ಡು, ಕಳಿಸ್ಲಾ?" ಎಂದು ಗಾಬರಿಯಾದ.)

ಗ್ರೇಡು ಬಂದದ್ದು ಮಗಳು ಇಂಪನಾಳಿಗೆ, ಮೈ ಉರಿದದ್ದು ಅಪ್ಪನಿಗೆ. ಕಾರಣವಿಲ್ಲದೆ ಇರಲಿಲ್ಲ. ಇಂಪನಾ ತುಮಕೂರಿನ ಬಟವಾಡಿ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಮಳೆನೀರು ಕೊಯ್ಲಿನ ಮೇಲೆ ಪ್ರಾಜೆಕ್ಟ್ ಮಾಡಿಕೊಂಡು ಬನ್ನಿ ಎಂದಿದ್ದರು. ಭಾನುವಾರಗಳಲ್ಲೆಲ್ಲ ನಡುಮನೆಯಲ್ಲಿ ಬೋರಲು ಬಿದ್ದುಕೊಂಡು ಥರ್ಮಾಕೋಲಿನ ಮನೆ ಕಟ್ಟಿದವನು ಲಕ್ಷ್ಮೀಕಾಂತ. ಸೂರಿನಿಂದ ಸ್ಟ್ರಾದ ಪೈಪು, ಪೈಪಿನಿಂದ ಸಂಪು, ಸಂಪಿಗೆ ಮೀನಿನ ತೊಟ್ಟಿಯ ಮೋಟಾರು, ಬಾಗಿಲ ಮುಂದೆ ಸ್ಪಂಜಿನ ತೆಂಗಿನ ಮರ. ನಡುವೆ ಒಮ್ಮೆ ಇಂಪನಾ, "ಅಪ್ಪಾ, ನಾನೂ ಒಂಚೂರು ಅಂಟಿಸ್ಲಾ?" ಎಂದು ಕೇಳಿದ್ದಳು. "ಮುಟ್ಬೇಡ ಕಣೇ, ಫಿನಿಶಿಂಗ್ ಹಾಳಾಗುತ್ತೆ" ಎಂದು ಗದರಿಸಿ, ಅಂಟಿನ ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಲ್ಲುವ ಗುರುತರ ಹೊಣೆಯನ್ನು ಅವಳಿಗೆ ವಹಿಸಿದ್ದ.

ಅಂಥ ಮಹಾಕೃತಿಗೆ ಬಿ ಪ್ಲಸ್! ಹಿಂದಿನ ಬೀದಿಯ ಹುಡುಗನೊಬ್ಬ ತೆಂಗಿನ ಚಿಪ್ಪಿಗೆ ತೂತು ಮಾಡಿ, ಮರಳು ತುಂಬಿ, ನೀರು ಸೋಸಿ ತೋರಿಸಿದ್ದಕ್ಕೆ ಎ ಪ್ಲಸ್. ಸಾಲದ್ದಕ್ಕೆ ಮುಖ್ಯ ಶಿಕ್ಷಕಿ ಗಂಗಲಕ್ಷ್ಮಮ್ಮನವರು ಕೆಂಪು ಶಾಯಿಯಲ್ಲಿ ಒಂದು ಷರಾ ಬೇರೆ ಬರೆದಿದ್ದರು: 'ಪೋಷಕರ ಶ್ರಮ ಮೆಚ್ಚತಕ್ಕದ್ದು. ಮಗುವಿಗೂ ಅವಕಾಶ ಕೊಡಿ.'

"ನೋಡೇ, ಇಲ್ಲಿ ನೋಡು! ಇದು ನಾನು ಮಾಡಿದ್ದು ಅಂತ ಅವ್ರಿಗೆ ಹೇಳಿದ್ಯಾರು?"

"ನಾನೇ ಹೇಳ್ದೆ," ಎಂದಳು ಇಂಪನಾ. "ಯಾರಮ್ಮ ಮಾಡಿದ್ದು ಅಂತ ಮೇಡಂ ಕೇಳಿದ್ರು. ನಮ್ಮಪ್ಪ ಅಂದೆ."

"ಹಂಗಾದ್ರೆ ಬಿ ಪ್ಲಸ್ ಬಂದಿರೋದು ನಿಮಗೇ ಕಣ್ರೀ," ಎಂದಳು ಶಶಿರೇಖಾ. ಅವಳು ಅಕ್ಕಪಕ್ಕದವರಿಗೆ ಬ್ಲೌಸ್ ಹೊಲಿದುಕೊಡುತ್ತಿದ್ದಳು. ಬಾಯಲ್ಲಿ ದಾರ ಕಚ್ಚಿಕೊಂಡೇ ನಕ್ಕಳು. ಆ ನಗೆ ಲಕ್ಷ್ಮೀಕಾಂತನ ಎದೆಗೆ ನಾಟಿತು.

ಶನಿವಾರವಿಡೀ ಅವನು ಮೊಬೈಲಿನಲ್ಲಿ ಮುಳುಗಿದ್ದ. ಯಾವುದೋ ಊರಿನ ದಂಪತಿ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದರು. ಆ ಮಕ್ಕಳು ಟೊಮ್ಯಾಟೊ ಎಣಿಸಿದರೆ ಗಣಿತ, ತೊಳೆದರೆ ವಿಜ್ಞಾನ, ತಿಂದರೆ ಆರೋಗ್ಯ ಶಿಕ್ಷಣ. ಎಷ್ಟು ಸುಲಭ! ಭಾನುವಾರ ತಿಂಡಿಯ ಹೊತ್ತಿಗೆ ಘೋಷಣೆ ಹೊರಬಿತ್ತು.

"ನಾಳೆಯಿಂದ ಇಂಪನಾ ಸ್ಕೂಲಿಗೆ ಹೋಗಲ್ಲ. ಹೋಂ ಸ್ಕೂಲಿಂಗು. ಇದೇ ಮನೇಲಿ, ನಾನೇ ಕಲಿಸ್ತೀನಿ."

"ಆಫೀಸು?"

"ಗಳಿಕೆ ರಜೆ ಕೊಳೀತಾ ಬಿದ್ದಿದೆ."

"ನಮ್ಮ ತಂಗಿ ಮನೆಗೆ ಹೋಗೋಣ ಅಂದಾಗ ಒಂದು ದಿನಾನೂ ರಜೆ ಇಲ್ಲ ಅಂದಿದ್ರಿ?"

ಈ ಪ್ರಶ್ನೆ ಪಠ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲವೆಂದು ಲಕ್ಷ್ಮೀಕಾಂತ ತಟ್ಟೆ ಮುಂದಕ್ಕೆ ಚಾಚಿ ಚಟ್ನಿ ಕೇಳಿದ. "ಅಪ್ಪಾ, ನನ್ನ ಫ್ರೆಂಡ್ಸೆಲ್ಲ ಅಲ್ಲೇ ಇರ್ತಾರೆ," ಎಂದು ಇಂಪನಾ ಕಣ್ಣಲ್ಲಿ ನೀರು ತಂದುಕೊಂಡಳು. ಅದನ್ನು ಆನಂದಬಾಷ್ಪವೆಂದು ಅವನು ಅರ್ಥ ಮಾಡಿಕೊಂಡ.

ಹೀಗೆ ಸೋಮವಾರ ಬಟವಾಡಿ ಗೃಹ ವಿದ್ಯಾಪೀಠ ಉದ್ಘಾಟನೆಗೊಂಡಿತು. (ಹೆಸರು ಲಕ್ಷ್ಮೀಕಾಂತನದೇ.) ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಡಿದು ಗಂಟೆ ಬಾರಿಸಿದ. ಪ್ರಾರ್ಥನೆಗೆ ತಡವಾಗಿ ಬಂದಳೆಂದು ಶಶಿರೇಖಾಳ ಮೇಲೆ ರೇಗಿದ. "ಕುಕ್ಕರ್ ನೀವು ಇಳಿಸ್ತೀರಾ?" ಎಂದ ಮೇಲೆ ಅವಳಿಗೆ ಪ್ರಾರ್ಥನೆಯಿಂದ ಶಾಶ್ವತ ವಿನಾಯಿತಿ ದೊರೆಯಿತು.

ಮೊದಲ ಪಾಠ ಭಿನ್ನರಾಶಿ. ಲಕ್ಷ್ಮೀಕಾಂತ ತಾನು ಕಲಿತ ಕಾಲದ ಪದ್ಧತಿಯಲ್ಲಿ ಕಲಿಸಿದ. ಉತ್ತರ ಬಂತು, ಆದರೆ ಪುಸ್ತಕದ ಹಿಂದಿದ್ದ ಉತ್ತರ ಅದಾಗಿರಲಿಲ್ಲ.

"ಅಪ್ಪಾ, ನಮ್ ಮೇಡಂ ಹಿಂಗೆ ಹೇಳ್ಕೊಡಲ್ಲ. ಕಾಗದ ಮಡಚಿ ತೋರಿಸ್ತಾರೆ."

"ಈ ವಿದ್ಯಾಪೀಠದಲ್ಲಿ ಆ ಮೇಡಂ ಹೆಸರು ಎತ್ತಬೇಡ. ಕೂತಿರು, ಬಂದೆ."

ಬಂದೆ ಎಂದವನು ಹೋದದ್ದು ಬಚ್ಚಲಿಗೆ. ಒಳಗೆ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಮೊಬೈಲಿನಲ್ಲಿ ಭಿನ್ನರಾಶಿ ಕಲಿತ. ಅಂದಿನಿಂದ ಇದೇ ರೂಢಿಯಾಯಿತು. ಕಷ್ಟದ ಲೆಕ್ಕ ಬಂದಾಗಲೆಲ್ಲ ಗುರುಗಳು ಬಚ್ಚಲು ಸೇರುತ್ತಿದ್ದರು. ಶಶಿರೇಖಾ ಹೊರಗಿನಿಂದ, "ಏನೇ ಇಂಪನಾ, ನಿಮ್ ಮೇಷ್ಟ್ರಿಗೆ ಹೊಟ್ಟೆ ಸರಿ ಇಲ್ವಾ? ಓಮ ಕೊಡ್ಲಾ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು.

ಮಧ್ಯಾಹ್ನ ಇನ್ನೊಂದು ಪೇಚು. "ಅಮ್ಮಾ, ಇವತ್ತು ಸ್ಕೂಲಲ್ಲಿ ಮೊಟ್ಟೆ ಕೊಡ್ತಾರೆ," ಎಂದಳು ಮಗಳು. "ನಮ್ಮ ಬಿಸಿಯೂಟಕ್ಕೆ ಮೇಲಿಂದ ಇನ್ನೂ ಅನುದಾನ ಬಂದಿಲ್ಲ ಕಣಮ್ಮ, ನಿಮ್ಮ ಹೆಡ್‌ಮಾಸ್ಟರನ್ನ ಕೇಳು," ಎಂದಳು ತಾಯಿ. ಹೆಡ್‌ಮಾಸ್ಟರರು ಅಂಗಿ ಹಾಕಿಕೊಂಡು ಮೊಟ್ಟೆ ತರಲು ಹೊರಟರು.

ಆಟದ ಪೀರಿಯಡ್ಡಿನಲ್ಲಿ ಇಂಪನಾ ಖೊಖೊ ಬೇಕೇ ಬೇಕೆಂದಳು. ಖೊಖೊಗೆ ಸಾಲಾಗಿ ಕೂರಲು ಜನ ಬೇಕು. ವಿದ್ಯಾಪೀಠದಲ್ಲಿ ಇದ್ದದ್ದು ಲಕ್ಷ್ಮೀಕಾಂತನೊಬ್ಬನೇ. ಓಣಿಯಂಥ ಹಜಾರದಲ್ಲಿ ಅವನು ಕುಕ್ಕರಗಾಲಲ್ಲಿ ಕುಳಿತ. ಮಗಳು ದೂರದಿಂದ ಓಡಿಬಂದು "ಖೋ!" ಎಂದು ಬೆನ್ನಿಗೆ ಕೊಟ್ಟ ಏಟಿಗೆ ಗ್ಯಾಸ್ ಸಿಲಿಂಡರಿಗೆ ಹೋಗಿ ಹಣೆ ಬಡಿಸಿಕೊಂಡ. ಶಶಿರೇಖಾ ಅರಿಶಿನ ಹಚ್ಚುತ್ತ, "ದೈಹಿಕ ಶಿಕ್ಷಣ ಚೆನ್ನಾಗಿ ಆಯ್ತು," ಎಂದಳು. ಇಷ್ಟಾದರೂ ಅವನ ಹಟ ಇಳಿಯಲಿಲ್ಲ. ಆ ಕೆಂಪು ಶಾಯಿಯವರಿಗೆ ತೋರಿಸಿಯೇ ತೀರಬೇಕು ಎಂಬ ಕಿಚ್ಚು ಹಣೆಯ ಬುಗುಟಿಗಿಂತ ದೊಡ್ಡದಾಗಿತ್ತು.

ಅಷ್ಟರಲ್ಲಿ ಶ್ರಾವಣ ಬಂತು. ಕುಣಿಗಲ್ಲಿನಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಾರೋ ಹಿರಿಯರು ಇಂಪನಾಳನ್ನು, "ಎಷ್ಟನೇ ಕ್ಲಾಸವ್ವಾ?" ಎಂದು ಕೇಳಿದರು. "ಸ್ಕೂಲಿಗೆ ಹೋಗ್ತಿಲ್ಲ, ಮನೇಲೇ ಇದೀನಿ," ಎಂದಳು ಹುಡುಗಿ. ಪಂಕ್ತಿಯ ಬಾಯಾಡಿಸುವುದು ನಿಂತಿತು. "ಅಯ್ಯೋ, ಇಷ್ಟು ಚಿಕ್ಕ ಮಗೀನ ಇಸ್ಕೂಲ್ ಬಿಡಿಸ್ಬುಟ್ಟವ್ರಾ? ಯಾಕೆ, ಏನಾರ ಕಷ್ಟನಾ?" ಎಂದು ಕನಿಕರ ಶುರುವಾಯಿತು.

ಕನಿಕರ! ಲಕ್ಷ್ಮೀಕಾಂತನಿಗೆ ಯಾವುದನ್ನಾದರೂ ಸಹಿಸಲು ಸಾಧ್ಯ, ಕನಿಕರವನ್ನಲ್ಲ. ಕೈಯಲ್ಲಿದ್ದ ಹೋಳಿಗೆಯನ್ನು ಮೇಲೆತ್ತಿ ಭಾಷಣಕ್ಕೇ ಇಳಿದ. ಶಾಲೆಗಳಲ್ಲಿ ಏನೂ ಇಲ್ಲವೆಂದ. ಒಂದು ವರ್ಷದ ಪಾಠವನ್ನು ತಾನು ಒಂದೇ ತಿಂಗಳಲ್ಲಿ ಅರೆದು ಕುಡಿಸುವುದಾಗಿ ಹೇಳಿದ. ಶಶಿರೇಖಾ ಮೇಜಿನ ಕೆಳಗಿನಿಂದ ಕೈ ಚಾಚಿ ತೊಡೆ ಚಿವುಟಿದಳು. ಅದನ್ನು ಪ್ರೋತ್ಸಾಹವೆಂದು ತಿಳಿದು ಇನ್ನೂ ಏರಿದ. "ಯಾರ ಮಕ್ಕಳನ್ನಾದ್ರೂ ತಂದು ನನ್ನ ಕೈಗೆ ಕೊಡಿ. ಆರೇ ತಿಂಗಳು! ಆಮೇಲೆ ಮಾತಾಡಿ!"

ಎದುರು ಸಾಲಿನಲ್ಲಿ ಕುಳಿತಿದ್ದ ಅವನ ಅಕ್ಕನ ಗಂಡ, ಕುಣಿಗಲ್ಲಿನವರೇ ಆದ ಅಂಜನಮೂರ್ತಿ ಪಾಯಸ ಹೀರುವುದನ್ನು ನಿಲ್ಲಿಸಿ, ಬಹಳ ಗಮನವಿಟ್ಟು ಕೇಳಿಸಿಕೊಂಡರು.

ಗೌರಿ ಗಣೇಶ ಹಬ್ಬ ಮುಗಿದ ಭಾನುವಾರ ಬಾಗಿಲಲ್ಲಿ ಆಟೋ ನಿಂತಿತು. ಇಳಿದವರು ಅಂಜನಮೂರ್ತಿ, ಅವರ ಮಕ್ಕಳಾದ ನಂದಿತಾ ಮತ್ತು ಚಂದ್ರು. ಶಶಿರೇಖಾ ನೆಂಟರ ಮುಖ ನೋಡಲಿಲ್ಲ, ಸಾಮಾನು ನೋಡಿದಳು. ತುಮಕೂರಿನಲ್ಲಿ ಸಂಸಾರ ಮಾಡುವ ಹೆಂಗಸರಿಗೆ ಈ ವಿದ್ಯೆ ತಾನಾಗಿ ಬರುತ್ತದೆ. ಊರಿಂದ ಬಂದವರ ಕೈಯಲ್ಲಿ ಬಾಳೆಹಣ್ಣಿನ ಕವರಿದ್ದರೆ ಸಂಜೆ ಬಸ್ಸಿಗೆ ವಾಪಸ್. ತೆಂಗಿನಕಾಯಿ ಚೀಲವಿದ್ದರೆ ಆಸ್ಪತ್ರೆ ಕೆಲಸ, ಮೂರ್ನಾಲ್ಕು ದಿನ. ರಾಗಿ ಮೂಟೆಯ ಜೊತೆ ಚಾಪೆ ದಿಂಬೂ ಇಳಿದರೆ ಮಗುವನ್ನು ಓದಲು ಬಿಡಲು ಬಂದಿದ್ದಾರೆಂದು ಅರ್ಥ, ಇನ್ನು ಪರೀಕ್ಷೆ ಮುಗಿಯುವವರೆಗೆ ಕದಲುವುದಿಲ್ಲ. ಆಟೋದಿಂದ ಇಳಿದದ್ದು ಎರಡು ಮೂಟೆ ರಾಗಿ, ಎರಡು ಜೊತೆ ಚಾಪೆ ದಿಂಬು. ಶಶಿರೇಖಾ ಹೊಸಿಲ ಮೇಲೇ ಕುಸಿದು ಕೂತಳು.

"ಏನಪ್ಪಾ ಲಕ್ಷ್ಮೀಕಾಂತ," ಎಂದರು ಭಾವ, ನೀರು ಕುಡಿದು. "ಅವತ್ತು ಅಂದ್ಯಲ್ಲ, ಯಾರ ಮಕ್ಳನ್ನಾರ ಕೊಡಿ ಅಂತ. ಯಾರ್ವೋ ಯಾಕೆ, ನಮ್ಮವೇ ಅವೆಯಲ್ಲ ಅಂದ್ಳು ನಿಮ್ಮಕ್ಕ. ಇಸ್ಕೂಲ್ ಬಿಡಿಸಿ ಕರ್ಕಂಡ್ ಬಂದಿವ್ನಿ."

"ಅಯ್ಯೋ ಭಾವ, ಅದು ಏನಂದ್ರೆ… ಇದು ಸ್ವಂತ ಮಕ್ಕಳಿಗೆ ಅಂತ ಮಾಡೋದು…"

"ಓಹೋ! ಅಕ್ಕನ ಮಕ್ಳು ಸ್ವಂತ ಅಲ್ವಾ ಈಗ?"

ಈ ಪ್ರಶ್ನೆಗೆ ಬಚ್ಚಲಲ್ಲಿ ಕೂತು ಹುಡುಕಿದರೂ ಉತ್ತರ ಸಿಗುವಂತಿರಲಿಲ್ಲ. ಲಕ್ಷ್ಮೀಕಾಂತ ತಾನೇ ಹೀಗೆ ರಾಗಿ ಮೂಟೆಯೊಂದಿಗೆ ತುಮಕೂರಿನ ಸೋದರಮಾವನ ಮನೆಗೆ ಬಂದು ಓದಿದವನು. ಅತ್ತೆ ಅಂದು ಒಂದು ಮಾತೂ ಆಡದೆ ಮುದ್ದೆ ಬಡಿಸಿದ್ದರು. ಈಗ ಯಾವ ಮುಖ ಹೊತ್ತು ಬೇಡ ಅನ್ನುವುದು?

ಆ ವಾರ ಕಳೆಯುವಷ್ಟರಲ್ಲಿ ಗುಬ್ಬಿ ತಾಲ್ಲೂಕಿನ ಕಡಬದಿಂದ ದೊಡ್ಡಪ್ಪ ಚಿಕ್ಕಮಾರಯ್ಯ ಬಂದರು. ಪಕ್ಕದಲ್ಲಿ ಮೊಮ್ಮಗ ಚನ್ನೇಶ, ಹೆಗಲ ಮೇಲೆ ಮೂಟೆ. "ಕುಣಿಗಲ್ ಕಡೇರಿಗೆ ಹೇಳ್ಕೊಡ್ತೀಯ. ಗುಬ್ಬಿ ಕಡೇರು ನಿಂಗೇನ್ಲಾ ಅನ್ಯಾಯ ಮಾಡಿದ್ವಿ?" ಎಂದು ಜಗಲಿಯಲ್ಲೇ ಪಂಚಾಯಿತಿ ತೆಗೆದರು. ಮೂಟೆಯನ್ನು ಒಳಗಿಡದೆ ಬೇರೆ ದಾರಿಯಿರಲಿಲ್ಲ.

ವಿದ್ಯಾಪೀಠ ಈಗ ತುಂಬಿ ತುಳುಕಿತು. ನಂದಿತಾ ಏಳನೇ ಕ್ಲಾಸು, ಚಂದ್ರು ಮೂರನೇದು, ಚನ್ನೇಶ ಎರಡನೇದು. ನಂದಿತಾಳಿಗೆ ಬೀಜಗಣಿತ ಶುರು ಮಾಡಿದರೆ ಚನ್ನೇಶ ಸ್ಲೇಟಿನಿಂದ ಚಂದ್ರುವಿನ ತಲೆಗೆ ಕುಟ್ಟುತ್ತಿದ್ದ. ಬಿಡಿಸಲು ಹೋದರೆ ನಂದಿತಾ ಟಿ.ವಿ. ಹಾಕುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಆಘಾತವೆಂದರೆ ಬಚ್ಚಲಿನ ಮುಂದೆ ಸದಾ ಸಾಲು. ಗುರುಗಳಿಗೆ ಸಿದ್ಧತೆ ಮಾಡಿಕೊಳ್ಳಲು ಜಾಗವೇ ಇಲ್ಲವಾಯಿತು. ಇಂಪನಾ ಮೂಲೆಯಲ್ಲಿ ಕೂತು ತನ್ನ ಪುಸ್ತಕ ತಾನೇ ಓದಿಕೊಳ್ಳತೊಡಗಿದಳು. ದಿನಗಟ್ಟಲೆ ಅವಳ ಕಡೆ ತಿರುಗಿ ನೋಡಲೂ ಅವನಿಗೆ ಪುರುಸೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ತಟ್ಟೆ ಬಡಿದು ಹಾಜರಿ ಕೂಗಿದರೆ ಇಂಪನಾ ಇಲ್ಲ.

"ಇಂಪನಾ ಎಲ್ಲೇ?"

"ಸ್ಕೂಲಿಗೆ ಬಿಟ್ಟುಬಂದೆ," ಎಂದಳು ಶಶಿರೇಖಾ, ಮುದ್ದೆ ತೊಳಸುತ್ತ.

"ಇದೇನು ಸ್ಕೂಲಲ್ವಾ?"

"ಇದು ಹಾಸ್ಟೆಲ್ಲು ಕಣ್ರೀ! ನಾನಿಲ್ಲಿ ಅಡುಗೆಯವಳು! ಹೊಲಿಯೋಕೆ ಕೊಟ್ಟೋರೆಲ್ಲ ಬಟ್ಟೆ ವಾಪಸ್ ತಗೊಂಡೋದ್ರು. ನನ್ನ ಮಿಷನ್ ಮೇಲೆ ಆ ಚನ್ನೇಶನ ಚಡ್ಡಿ ಒಣಗ್ತಾ ಇದೆ. ನನ್ನ ಮಗಳಾದ್ರೂ ನೆಟ್ಟಗೆ ಓದ್ಲಿ!"

ತನ್ನ ವಿದ್ಯಾಪೀಠದಲ್ಲೇ ದಂಗೆ! ಲಕ್ಷ್ಮೀಕಾಂತ ಕೆಂಡವಾಗಿ ಶಾಲೆಗೆ ಧಾವಿಸಿದ. ಅಂಗಳದಲ್ಲಿ ಇಂಪನಾ ಗೆಳತಿಯರ ಕೈ ಹಿಡಿದು ಗಿರಗಿರ ತಿರುಗುತ್ತಿದ್ದಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ಅವನು ಕೇಳಿ ಎಷ್ಟೋ ದಿನವಾಗಿತ್ತು. ಮುಖ್ಯ ಶಿಕ್ಷಕಿ ಕುರ್ಚಿ ಎಳೆದು, "ಬನ್ನಿ ಸಾರ್. ಹುಷಾರಿಲ್ವೇನೋ ಅಂತ ಹೆಸರು ತೆಗೆದಿರ್ಲಿಲ್ಲ. ಕಾಫಿ ತರಿಸ್ಲಾ?" ಎಂದರು. ಹೊತ್ತು ತಂದ ಜಗಳವನ್ನು ಇಳಿಸಲು ಜಾಗವೇ ಸಿಗಲಿಲ್ಲ. ಕಾಫಿ ಕುಡಿಯುತ್ತ ಅವನಿಗೆ ಬೇರೆಯೇ ಉಪಾಯ ಹೊಳೆಯಿತು.

"ಮೇಡಂ, ಮನೇಲಿ ಇನ್ನೂ ಮೂರು ಮಕ್ಕಳಿದ್ದಾರೆ. ಅವ್ರನ್ನೂ…"

"ಧಾರಾಳವಾಗಿ ಸಾರ್. ಅವ್ರ ಅಪ್ಪ ಅಮ್ಮಂದ್ರನ್ನ ಒಂದ್ಸಲ ಕರ್ಕೊಂಡ್ಬನ್ನಿ, ಹಳೇ ಸ್ಕೂಲಿಂದ ಟಿ.ಸಿ. ತಂದುಬಿಡ್ಲಿ." ಹಾಗೆ ಕರೆಯುವುದೆಂದರೆ ಭಾವನ ಮುಂದೆ ಸೋಲೊಪ್ಪಿಕೊಂಡಂತೆಯೇ.

ಸಂಜೆ ಇಂಪನಾ ಬಂದಾಗ ಅವನಿಗೆ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. "ನಿನಗೆ ನಾನೇನು ಕಡಿಮೆ ಮಾಡಿದ್ದೆ ಮಗಳೇ? ಅಪ್ಪನ್ನ ಬಿಟ್ಟು ಹೋದ್ಯಲ್ಲ?"

"ಹಂಗಲ್ಲಪ್ಪ. ಸ್ಕೂಲಿಗೆ ಹೋಗ್ತಿದ್ದಾಗ ಸಂಜೆ ಬಂದ್ರೆ ನೀನು ಸಿಕ್ತಿದ್ದೆ. ಈಗ ದಿನಾಪೂರ್ತಿ ಮೇಷ್ಟ್ರೇ ಇರ್ತಾರೆ, ನೀನು ಸಿಗೋದೇ ಇಲ್ಲ."

ಲಕ್ಷ್ಮೀಕಾಂತ ಮಗಳನ್ನು ಹತ್ತಿರ ಎಳೆದುಕೊಳ್ಳಬೇಕೆನ್ನುವಾಗಲೇ ಚಂದ್ರು ನಡುವೆ ತೂರಿ, "ಮಾವಾ, ಚನ್ನೇಶ ನನ್ ರಬ್ಬರ್ ನುಂಗ್ತೀನಿ ಅಂತವ್ನೆ!" ಎಂದು ಕಿರುಚಿದ. ಸಾಕೆನಿಸಿತು. ಆದದ್ದಾಗಲಿ, ಮಾನ ಹೋದರೂ ಸರಿ, ಸೋಲೊಪ್ಪಿಕೊಂಡು ಮಕ್ಕಳನ್ನು ಹಿಂದಿರುಗಿಸಿಯೇ ಬಿಡುವುದೆಂದು ಭಾವನಿಗೆ ಫೋನ್ ಮಾಡಿದ. ಶಶಿರೇಖಾ ಸ್ಪೀಕರ್ ಹಾಕಿಸಿದಳು.

"ಭಾವ, ಒಂದು ವಿಚಾರ. ಮುಚ್ಚುಮರೆ ಯಾಕೆ. ಇಂಪನಾನ ನಾನು ವಾಪಸ್ ಸರ್ಕಾರಿ ಸ್ಕೂಲಿಗೇ ಕಳಿಸ್ತಿದೀನಿ."

ಲಕ್ಷ್ಮೀಕಾಂತ ಹೆಂಡತಿಯ ಕಡೆ ನೋಡಿ, ಮುಗೀತು ಎಂಬಂತೆ ಕಣ್ಣು ಮಿಟುಕಿಸಿದ.

"ಎಂಥಾ ದೊಡ್ಡ ಮನಸು ಮಾಡ್ಬುಟ್ಟೆಪ್ಪಾ!" ಭಾವನ ದನಿ ಗದ್ಗದವಾಗಿತ್ತು. "ನಮ್ ಮಕ್ಳಿಗೆ ಟೈಮ್ ಸಾಲ್ದು ಅಂತ ಹೆತ್ತ ಮಗ್ಳನ್ನೇ ಆಚೆ ಕಳಿಸ್ದೆ! ಯಾರ್ ಮಾಡ್ತಾರೆ ಹೇಳು ಈ ಕಾಲ್ದಲ್ಲಿ? ಇಲ್ಲಿ ಎಲ್ರುಗೂ ಹೇಳ್ತೀನಿ. ನಮ್ಮ ಪಕ್ಕದ ಮನೆ ಕರಿಸಿದ್ದಪ್ಪನೂ ಅವ್ನ ಮಗನ್ನ ಎಲ್ಲಿ ಸೇರಿಸೋದು ಅಂತಿದ್ದ. ಇಂಪನಾದು ಒಂದು ಜಾಗ ಖಾಲಿ ಆಯ್ತಲ್ಲ, ಭಾನ್ವಾರ ಕರ್ಕಂಡ್ ಬತ್ತೀನಿ."